ಟರ್ಮಿನಲ್‌ನಲ್ಲಿ ಪ್ರೊಸೆಸರ್‌ನ ವಿವರ ಮತ್ತು ಸದ್ಯದ ಸ್ಥಿತಿ: ಎಂಟು ಎಂದು ತೋರಿಸಿದರೂ ಕೆಲಸ ಏಕೆ ನಿಧಾನ?

ಹಳೆಹೊತ್ತಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ನಮ್ಮೂರ ಗ್ರಂಥಾಲಯದಲ್ಲಿ, ಹಕ್ಕುಸ್ವಾಮ್ಯದ ಅವಧಿ ಮುಗಿದಿರುವ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ತಂತ್ರಾಂಶದ ಮೂಲಕ ಪುಟಗಳನ್ನು ಪಠ್ಯವಾಗಿಸುವ ಕೆಲಸವನ್ನು ನಾನೊಬ್ಬನೇ ಮಾಡಿಕೊಂಡು ಬರುತ್ತಿದ್ದೇನೆ. ಇದಕ್ಕೆಂದೇ ಮೂರು ತಿಂಗಳ ಹಿಂದೆ ಬಳಸಿದ ಲ್ಯಾಪ್‌ಟಾಪ್ ಒಂದನ್ನು ಕೊಂಡು, ಅದರಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಾದ ಉಬುಂಟು 22.04 ಹಾಕಿಕೊಂಡೆ. ಮಾರಿದವರು ಇದು ಎಂಟು ಕೋರಿನ (ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ) ಐ5, 3.4 ಗಿಗಾಹರ್ಟ್ಸ್ ವೇಗದ್ದು ಎಂದು ಹೇಳಿದ್ದರು.

ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಆದೇಶ ಕೊಟ್ಟಾಗ ಮಾದರಿಯ ಹೆಸರು ‘ಇಂಟೆಲ್ ಕೋರ್ ಐ5-8250ಯು ಸಿಪಿಯು @ 1.60 ಗಿಗಾಹರ್ಟ್ಸ್’ ಎಂದು ಬರುತ್ತದೆ. ಸಿಪಿಯುಗಳ ಸಂಖ್ಯೆ 8 ಎಂದಿದೆ, ಆದರೆ ಸ್ವಲ್ಪ ಕೆಳಗೆ ‘ಪ್ರತಿ ಸಾಕೆಟ್‌ಗೆ ಕೋರ್‌ಗಳು 4’ ಎಂದೂ ಇದೆ. ಕೊನೆಯ ಭಾಗದಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಹೆಸರುಗಳೊಡನೆ ‘ವಲ್ನರಬಿಲಿಟಿ’ ಎಂದು ಹಲವು ಸಾಲುಗಳಿರುವುದನ್ನು ಕಂಡು ಗಾಬರಿಯೂ ಆಯಿತು.

ನಿಜವಾದ ತೊಂದರೆ ಕೆಲಸದ ವೇಗದಲ್ಲಿದೆ. ಒಮ್ಮೆಗೆ ನಾಲ್ಕು ಪುಟಗಳಂತೆ ಟೆಸರಾಕ್ಟ್‌ಗೆ ಕೊಡುತ್ತೇನೆ. ಮೊದಲ ಒಂದೆರಡು ನಿಮಿಷ ನಾಲ್ಕು ಪುಟಗಳು ಹನ್ನೆರಡು ಸೆಕೆಂಡಿನೊಳಗೆ ಮುಗಿಯುತ್ತವೆ, ಆಮೇಲೆ ಅದೇ ನಾಲ್ಕು ಪುಟಗಳಿಗೆ ನಲವತ್ತು ಸೆಕೆಂಡು ಬೇಕಾಗುತ್ತದೆ. 240 ಪುಟದ ಒಂದು ಪುಸ್ತಕಕ್ಕೆ ನಲವತ್ತು ನಿಮಿಷ ಹಿಡಿಯುತ್ತಿದೆ. ಆಗ ಅಪ್‌ಟೈಮ್ ಆದೇಶ ಕೊಟ್ಟರೆ ಲೋಡ್ ಆವರೇಜ್ 14ರಿಂದ 15ರವರೆಗೆ ಕಾಣುತ್ತದೆ. ಟಾಪ್ ಆದೇಶದಲ್ಲಿ ಪ್ರೊಸೆಸರ್ 97 ಶೇಕಡ ನಿರತವಾಗಿದೆ ಎಂದು ತೋರಿಸುತ್ತದೆ. ಪ್ರೊಸೆಸರ್ ಪೂರ್ತಿ ದುಡಿಯುತ್ತಿದ್ದರೆ ವೇಗ ಇಳಿಯುವುದು ಹೇಗೆ? ನನಗೆ ಮೋಸವಾಗಿದೆಯೇ, ಪ್ರೊಸೆಸರ್ ಕೆಟ್ಟಿದೆಯೇ, ಅಥವಾ ನಾನು ನೋಡಬೇಕಾದದ್ದನ್ನು ನೋಡುತ್ತಿಲ್ಲವೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿಕೊಡಬೇಕು.

ಸರ್ವರ್‌ಕೊಠಡಿ

ನಮಸ್ಕಾರ ಸರ್. ಮೊದಲು ಎಲ್‌ಎಸ್‌ಸಿಪಿಯು ಹೇಳುತ್ತಿರುವುದನ್ನು ಬಿಡಿಸಿ ನೋಡೋಣ. ಮುಂದೆ ಓದುವವರಿಗಾಗಿ ಒಂದು ಮಾತು: ಇಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಆದೇಶದ ಹೆಸರಿನ ನಡುವೆ ಜಾಗ ಬಿಡದೆ ಒತ್ತಬೇಕು.

‘ಸಿಪಿಯುಗಳು 8’ ಎಂಬುದು ಕಾರ್ಯಾಚರಣ ವ್ಯವಸ್ಥೆಗೆ ಕಾಣುವ ತಾರ್ಕಿಕ ಪ್ರೊಸೆಸರ್‌ಗಳ ಲೆಕ್ಕ. ಅದರ ಕೆಳಗಿನ ಮೂರು ಸಾಲುಗಳನ್ನು ಗುಣಿಸಿದರೆ ಆ ಸಂಖ್ಯೆ ಬರುತ್ತದೆ: ಸಾಕೆಟ್ 1, ಪ್ರತಿ ಸಾಕೆಟ್‌ಗೆ ಕೋರ್ 4, ಪ್ರತಿ ಕೋರಿಗೆ ಥ್ರೆಡ್ (ಕೆಲಸದ ಎಳೆ) 2. ಅಂದರೆ ತಮ್ಮಲ್ಲಿ ನಿಜವಾಗಿ ಇರುವುದು ನಾಲ್ಕು ಕೋರ್‌ಗಳು. ಒಬ್ಬರೇ ಅಡುಗೆಯವರು ಎರಡು ಒಲೆಗಳನ್ನು ನೋಡಿಕೊಳ್ಳುವ ಹಾಗೆ, ಒಂದು ಥ್ರೆಡ್ ಮೆಮೊರಿಯಿಂದ ಮಾಹಿತಿ ಬರಲೆಂದು ಕಾಯುವಾಗ ಅದೇ ಕೋರ್ ಇನ್ನೊಂದರ ಕೆಲಸವನ್ನು ಮುಂದುವರಿಸುತ್ತದೆ. ಒಲೆ ಎರಡಾದ ಮಾತ್ರಕ್ಕೆ ಅಡುಗೆ ಎರಡರಷ್ಟು ಬೇಗ ಆಗುವುದಿಲ್ಲ. ಮಾರಿದವರು ‘ಎಂಟು ಥ್ರೆಡ್’ ಎಂದಿದ್ದರೆ ಸರಿಯಾಗುತ್ತಿತ್ತು, ‘ಎಂಟು ಕೋರ್’ ಎಂದದ್ದು ತಪ್ಪು.

1.60 ಗಿಗಾಹರ್ಟ್ಸ್ ಎಂಬುದು ಈಗಿನ ವೇಗವಲ್ಲ, ಮಾದರಿಯ ಹೆಸರಿನ ಭಾಗವಾಗಿ ಪ್ರೊಸೆಸರ್‌ನೊಳಗೇ ಬರೆದಿಟ್ಟಿರುವ ಮೂಲ ವೇಗ. ಯಂತ್ರ ಸುಮ್ಮನಿದ್ದಾಗಲೂ ಬೆವರಿಳಿಸಿ ದುಡಿಯುವಾಗಲೂ ಆ ಸಾಲು ಹಾಗೆಯೇ ಇರುತ್ತದೆ. ಕೆಳಗೆ ಗರಿಷ್ಠ ಮೆಗಾಹರ್ಟ್ಸ್ 3400 ಎಂಬ ಸಾಲಿರಬೇಕು, 3.4 ಗಿಗಾಹರ್ಟ್ಸ್ ಎಂದರೆ ಅದೇ. ಇಂಟೆಲ್ 2017ರಲ್ಲಿ ತಂದ ಈ ಪ್ರೊಸೆಸರ್ 15 ವಾಟ್‌ಗಳ ಮಿತಿಗೆಂದು ರೂಪಿಸಿದ್ದು. ನಾಲ್ಕೂ ಕೋರ್‌ಗಳು ಬಹಳ ಹೊತ್ತು ಒಟ್ಟಿಗೆ ದುಡಿಯುವಾಗ ಆ ವೇಗ ನಿಲ್ಲುವುದಿಲ್ಲ, 2ರಿಂದ 2.5 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ನಿಂತರೆ ಅದು ಆರೋಗ್ಯದ ಲಕ್ಷಣ.

ಮೆಲ್ಟ್‌ಡೌನ್, ಸ್ಪೆಕ್ಟರ್ ಸಾಲುಗಳ ಬಗ್ಗೆ ಗಾಬರಿ ಬೇಡ. 2018ರ ಜನವರಿಯಲ್ಲಿ ಬಹಿರಂಗವಾದ ಆ ಭದ್ರತಾ ದೋಷಗಳಿಗೆ ಕರ್ನಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು) ತಡೆ ಹಾಕಿಕೊಂಡಿದ್ದರೆ ಸಾಲಿನ ಮುಂದೆ ‘ಮಿಟಿಗೇಷನ್’ ಎಂದಿರುತ್ತದೆ. ವೇಗ ಸಿಗುತ್ತದೆಂದು ಆ ತಡೆಯನ್ನು ತೆಗೆಯಿರಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ.

ಹೊಳೆದಂಡೆ

ನನ್ನ ಲ್ಯಾಪ್‌ಟಾಪ್‌ನಲ್ಲಿಯೂ ಹೀಗೆಯೇ ಆಗಿತ್ತು. ಸಿಸ್ ಕಡತಕೋಶದೊಳಗೆ ಸಿಪಿಯು0 ಎಂಬಲ್ಲಿ, ಸಿಪಿಯುಫ್ರೆಕ್ ವಿಭಾಗದಲ್ಲಿ ಪ್ರೊಸೆಸರ್‌ನ ವೇಗದ ನೀತಿಯನ್ನು ಹೇಳುವ ‘ಸ್ಕೇಲಿಂಗ್ ಗವರ್ನರ್’ ಎಂಬ ಕಡತವಿದೆ. ಕ್ಯಾಟ್ ಆದೇಶದಿಂದ ಅದನ್ನು ಓದಿ ನೋಡಿ, ಅದರಲ್ಲಿ ‘ಪವರ್‌ಸೇವ್’ ಎಂದಿದ್ದರೆ ಪ್ರೊಸೆಸರ್ ಕಡಿಮೆ ವೇಗದಲ್ಲಿಯೇ ಸಿಕ್ಕಿಕೊಂಡಿದೆ ಎಂದರ್ಥ. ‘ಪರ್ಫಾರ್ಮೆನ್ಸ್’ ಎಂದು ಬದಲಾಯಿಸಿದರೆ ಸರಿಹೋಗುತ್ತದೆ.

ಕರ್ನಲ್ ಓದುಗಿ

ಹೊಳೆದಂಡೆ ಅವರ ಸಲಹೆ ಎಲ್ಲ ಯಂತ್ರಗಳಿಗೂ ಹೊಂದುವುದಿಲ್ಲ, ಈ ತಪ್ಪು ತಿಳಿವಳಿಕೆ ಬಹಳ ಕಡೆ ಹರಡಿರುವುದರಿಂದ ತುಸು ವಿವರಿಸುತ್ತೇನೆ. ಅದೇ ಜಾಗದಲ್ಲಿ ವೇಗವನ್ನು ನಿಯಂತ್ರಿಸುವ ಡ್ರೈವರ್ ತಂತ್ರಾಂಶದ ಹೆಸರಿರುವ ‘ಸ್ಕೇಲಿಂಗ್ ಡ್ರೈವರ್’ ಎಂಬ ಇನ್ನೊಂದು ಕಡತವಿದೆ, ಅದನ್ನು ಮೊದಲು ಓದಬೇಕು. ಎಸಿಪಿಐ-ಸಿಪಿಯುಫ್ರೆಕ್ ಎಂದಿದ್ದರೆ ಪವರ್‌ಸೇವ್ ಎಂಬುದು ನಿಜಕ್ಕೂ ಪ್ರೊಸೆಸರನ್ನು ಕನಿಷ್ಠ ವೇಗಕ್ಕೆ ಕಟ್ಟಿಹಾಕುತ್ತದೆ. ಆದರೆ ಐ5-8250ಯು ಇರುವ ಯಂತ್ರದಲ್ಲಿ ಸಾಮಾನ್ಯವಾಗಿ ಕಾಣುವುದು ಇಂಟೆಲ್ ಪಿಸ್ಟೇಟ್. ಅದರ ಸಕ್ರಿಯ ವಿಧಾನದಲ್ಲಿ ಪವರ್‌ಸೇವ್ ಎಂದರೆ ಕೆಲಸ ಹೆಚ್ಚಾದಂತೆ ವೇಗವನ್ನು ಏರಿಸುವ, ಕಡಿಮೆಯಾದಂತೆ ಇಳಿಸುವ ನೀತಿ. ಒಂದೇ ಹೆಸರಿಗೆ ಎರಡು ಡ್ರೈವರ್‌ಗಳಲ್ಲಿ ಎರಡು ಅರ್ಥವಿದೆ. ಮೊದಲ ಎರಡು ನಿಮಿಷ ವೇಗ ಚೆನ್ನಾಗಿದ್ದು ಆಮೇಲೆ ಕುಸಿಯುತ್ತಿರುವುದರಿಂದ, ಇಲ್ಲಿ ಕಾರಣ ಗವರ್ನರ್ ಆಗಿರಲಾರದು.

ಹಳೆಹೊತ್ತಿಗೆ ಅವರೇ, ತಮ್ಮ ಪ್ರಶ್ನೆಯಲ್ಲಿಯೇ ಬಹು ಮುಖ್ಯವಾದ ಮಾತೊಂದು ಅಡಗಿದೆ: ಪೂರ್ತಿ ದುಡಿಯುತ್ತಿದ್ದರೆ ವೇಗ ಇಳಿಯುವುದು ಹೇಗೆ ಎಂದು ಕೇಳಿದ್ದೀರಿ. ಟಾಪ್ ತೋರಿಸುವ 97 ಶೇಕಡ ಎಂಬುದು ಹೊತ್ತಿನ ಅಳತೆ, ವೇಗದ ಅಳತೆಯಲ್ಲ. ಪ್ರೊಸೆಸರ್ ನೂರು ಕ್ಷಣಗಳಲ್ಲಿ 97 ಕ್ಷಣ ಬಿಡುವಿಲ್ಲದೆ ಇತ್ತು ಎಂದಷ್ಟೇ ಅದು ಹೇಳುತ್ತದೆ. ಆ ಕ್ಷಣಗಳಲ್ಲಿ ಅದು 2,400 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತೋ 800ರಲ್ಲಿ ತೆವಳುತ್ತಿತ್ತೋ ಎಂಬುದು ಆ ಅಂಕಿಯಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ಪ್ರೊಸೆಸರ್‌ನ ಸ್ಥಿತಿ ತಿಳಿಯಬೇಕಾದರೆ ನಿರತತೆ, ಆ ಹೊತ್ತಿನ ವೇಗ, ಆ ಹೊತ್ತಿನ ಶಾಖ, ಈ ಮೂರನ್ನೂ ಒಟ್ಟಿಗೆ ನೋಡಬೇಕು, ಅದೂ ಕೆಲಸ ನಡೆಯುತ್ತಿರುವಾಗಲೇ ನೋಡಬೇಕು. ಸುಮ್ಮನಿರುವ ಯಂತ್ರದಲ್ಲಿ ತೆಗೆದುಕೊಂಡ ಅಳತೆಯಿಂದ ಏನೂ ತಿಳಿಯುವುದಿಲ್ಲ.

ಹೀಗೆ ಮಾಡಿ. ಟರ್ಮಿನಲ್‌ನ ಮೂರು ಕಿಟಕಿಗಳನ್ನು ತೆರೆದುಕೊಳ್ಳಿ. ಮೊದಲನೆಯದರಲ್ಲಿ ಟಾಪ್ ಓಡಿಸಿ, 1ರ ಕೀಲಿ ಒತ್ತಿದರೆ ಎಂಟೂ ಪ್ರೊಸೆಸರ್‌ಗಳು ಬೇರೆ ಬೇರೆ ಸಾಲುಗಳಾಗಿ ಕಾಣುತ್ತವೆ. ಅಲ್ಲಿ ‘ಯುಎಸ್’ ಎಂದರೆ ತಂತ್ರಾಂಶಗಳಿಗೆ ಹೋದ ಹೊತ್ತು, ‘ಎಸ್‌ವೈ’ ಎಂದರೆ ಕರ್ನಲ್‌ಗೆ ಹೋದದ್ದು, ‘ಡಬ್ಲ್ಯುಎ’ ಎಂದರೆ ಡಿಸ್ಕ್‌ಗಾಗಿ ಕಾದದ್ದು. ಎರಡನೆಯದರಲ್ಲಿ ವಾಚ್ ಆದೇಶದ ಮೂಲಕ, ಪ್ರಾಕ್ ಕಡತಕೋಶದ ಸಿಪಿಯುಇನ್ಫೊ ಕಡತದಿಂದ ಮೆಗಾಹರ್ಟ್ಸ್ ಎಂಬ ಸಾಲುಗಳನ್ನು ಮಾತ್ರ ಗ್ರೆಪ್ ಆದೇಶದಿಂದ ಆಯ್ದು, ಸೆಕೆಂಡಿಗೊಮ್ಮೆ ಹೊಸದಾಗಿ ಬರುವಂತೆ ಇಡಿ. ಮೂರನೆಯದಕ್ಕೆ ಎಲ್‌ಎಂ-ಸೆನ್ಸರ್ಸ್ ಪೊಟ್ಟಣವನ್ನು ಆಪ್ಟ್‌ನಿಂದ ಹಾಕಿಕೊಂಡು ಸೆನ್ಸರ್ಸ್ ಆದೇಶವನ್ನೂ ವಾಚ್‌ನೊಳಗೇ ಓಡಿಸಿ, ‘ಪ್ಯಾಕೇಜ್ ಐಡಿ 0’ ಎಂಬ ಸಾಲನ್ನು ಗಮನಿಸಿ.

ಇನ್ನೊಂದು ಸಾಕ್ಷಿಯಿದೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ನಂಬಿಕೆಯದು. ಇಂಟೆಲ್ ಯಂತ್ರಗಳಲ್ಲಿ ಸಿಸ್ ಕಡತಕೋಶದ ಸಿಪಿಯು0 ಒಳಗೆ ‘ಥರ್ಮಲ್ ಥ್ರಾಟಲ್’ ಎಂಬ ಕೋಶವಿರುತ್ತದೆ. ಶಾಖ ಮಿತಿ ಮುಟ್ಟಿ ವೇಗ ಇಳಿಸಬೇಕಾಗಿ ಬಂದಾಗಲೆಲ್ಲ ಅಲ್ಲಿನ ‘ಪ್ಯಾಕೇಜ್ ಥ್ರಾಟಲ್ ಕೌಂಟ್’ ಕಡತದ ಅಂಕಿ ಏರುತ್ತದೆ, ಯಂತ್ರವನ್ನು ಮತ್ತೆ ಚಾಲೂ ಮಾಡುವವರೆಗೆ ಅದು ಇಳಿಯುವುದಿಲ್ಲ. ಕೆಲಸ ಶುರು ಮಾಡುವ ಮುನ್ನ ಒಮ್ಮೆ, ಹತ್ತು ನಿಮಿಷದ ಬಳಿಕ ಒಮ್ಮೆ ಬರೆದುಕೊಳ್ಳಿ.

ಲೋಡ್ ಆವರೇಜ್ ಬಗ್ಗೆ ಒಂದೆರಡು ಮಾತು. ಅದರ ಮೂರು ಅಂಕಿಗಳು ಕ್ರಮವಾಗಿ ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ. ಲಿನಕ್ಸ್‌ನಲ್ಲಿ ಓಡುತ್ತಿರುವ ಮತ್ತು ಸರದಿಗಾಗಿ ಕಾಯುತ್ತಿರುವ ಕೆಲಸಗಳ ಜೊತೆಗೆ, ಡಿಸ್ಕಿನಂತಹವುಗಳಿಗಾಗಿ ಅಲುಗಾಡದೆ ಕಾದು ಕುಳಿತ ಕೆಲಸಗಳೂ ಅದರಲ್ಲಿ ಸೇರುತ್ತವೆ, ಹಾಗಾಗಿ ಪ್ರೊಸೆಸರ್ ಬಿಡುವಾಗಿದ್ದರೂ ಲೋಡ್ ಹೆಚ್ಚಿರಬಹುದು. ಎರಡನ್ನೂ ಬೇರ್ಪಡಿಸಿ ನೋಡಲು ವಿಎಂಸ್ಟ್ಯಾಟ್ ಆದೇಶದ ಮುಂದೆ 1 ಎಂದು ಬರೆದು ಓಡಿಸಿ: ‘ಆರ್’ ಕಂಬಸಾಲು ಪ್ರೊಸೆಸರ್ ಬೇಕೆನ್ನುವವರದು, ‘ಬಿ’ ಕಂಬಸಾಲು ಹಾಗೆ ತಡೆದು ನಿಂತವರದು. ಮೊದಲ ಸಾಲಿನ ಶೇಕಡ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ಯಂತ್ರ ಚಾಲೂ ಆದಂದಿನಿಂದ ಈವರೆಗಿನ ಸರಾಸರಿ.

ತಾವು ನಾಲ್ಕು ಪುಟಗಳನ್ನಷ್ಟೇ ಕೊಡುತ್ತಿರುವಾಗ ಲೋಡ್ 14 ಏಕೆ ಎಂಬುದಕ್ಕೆ ನನ್ನಲ್ಲಿ ಒಂದು ಊಹೆಯಿದೆ. ಅಳತೆಗಳು ಬಂದ ಮೇಲೆ ಹೇಳುತ್ತೇನೆ.

ಹಳೆಹೊತ್ತಿಗೆ

ಇಷ್ಟು ತಾಳ್ಮೆಯಿಂದ ವಿವರಿಸಿದ ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮೂರು ಕಿಟಕಿಗಳನ್ನು ತೆರೆದಿಟ್ಟು ಒಂದು ಪುಸ್ತಕವನ್ನು ಓಡಿಸಿದೆ. ಡ್ರೈವರ್ ಇಂಟೆಲ್ ಪಿಸ್ಟೇಟ್ ಎಂದೇ ಇದೆ. ಆರಂಭದಲ್ಲಿ ಎಂಟೂ ಸಾಲುಗಳು 2,900ರ ಹತ್ತಿರ ಇದ್ದವು, ಶಾಖ 71 ಡಿಗ್ರಿ ಇತ್ತು. ನೋಡನೋಡುತ್ತಿದ್ದಂತೆ ಶಾಖ 80 ದಾಟಿ, 90 ದಾಟಿ, ಎರಡು ನಿಮಿಷದೊಳಗೆ 97ಕ್ಕೆ ಬಂದು ನಿಂತಿತು, ವೇಗದ ಸಾಲುಗಳು 1,800, 1,300 ಎಂದು ಇಳಿಯುತ್ತಾ 900ರಲ್ಲಿ ನೆಲೆಯಾದವು. ಅಷ್ಟೂ ಹೊತ್ತು ಟಾಪ್ ಮಾತ್ರ ಮೊದಲಿನಂತೆಯೇ 97 ಶೇಕಡ ಎಂದು ತೋರಿಸುತ್ತಿತ್ತು. ತಾವು ಹೇಳಿದ ಮಾತು ಕಣ್ಣೆದುರಿಗೇ ನಡೆಯಿತು.

ಥ್ರಾಟಲ್ ಕೌಂಟ್ ಮೊದಲು 18,412 ಇದ್ದದ್ದು ಹತ್ತು ನಿಮಿಷದ ನಂತರ 21,967 ಆಗಿತ್ತು. ವಿಎಂಸ್ಟ್ಯಾಟ್‌ನಲ್ಲಿ ‘ಆರ್’ 15ರ ಆಸುಪಾಸು, ‘ಬಿ’ ಸದಾ ಸೊನ್ನೆ.

ಕರ್ನಲ್ ಓದುಗಿ

ಇನ್ನು ಅನುಮಾನಕ್ಕೆ ಎಡೆಯಿಲ್ಲ. ಮೂಲ ವೇಗವೇ 1,600 ಇರುವ ಪ್ರೊಸೆಸರ್ ಕೆಲಸದ ಹೊತ್ತಿನಲ್ಲಿ 900ಕ್ಕೆ ಇಳಿದಿದೆ, ಶಾಖ ಮಿತಿಯ ಅಂಚಿನಲ್ಲಿದೆ, ಕೌಂಟ್ ಏರುತ್ತಿದೆ. ಪ್ರೊಸೆಸರ್ ಕೆಟ್ಟಿಲ್ಲ. ತನ್ನನ್ನು ತಾನು ಉಳಿಸಿಕೊಳ್ಳಲು 100 ಡಿಗ್ರಿಯ ಮಿತಿಯೊಳಗೆ ಇರಲು ಹೆಣಗುತ್ತಿದೆ, ಬಿಸಿ ಹೊರಗೆ ಹೋಗುತ್ತಿಲ್ಲ, ಅಷ್ಟೇ. ಫ್ಯಾನ್ ಮತ್ತು ಹೀಟ್‌ಸಿಂಕ್‌ಗಳನ್ನು ಬಿಚ್ಚಿಸಿ ಶುಚಿ ಮಾಡಿಸಿ, ಥರ್ಮಲ್ ಪೇಸ್ಟ್ ಬದಲಾಯಿಸಿ. ಒಂದು ವೇಳೆ ಶಾಖ 60 ಡಿಗ್ರಿಯೊಳಗೇ ಇದ್ದು ವೇಗ ಮಾತ್ರ ಕಡಿಮೆಯಾಗಿದ್ದರೆ ನಾನು ಬೇರೆ ದಿಕ್ಕಿನಲ್ಲಿ ಹುಡುಕಿ ಎನ್ನುತ್ತಿದ್ದೆ: ಕೆಲವು ಲ್ಯಾಪ್‌ಟಾಪ್‌ಗಳು ತಮ್ಮದಲ್ಲದ ಅಡಾಪ್ಟರ್ ಚುಚ್ಚಿದಾಗ ವೇಗವನ್ನು ತಾವಾಗಿಯೇ ತಗ್ಗಿಸಿಕೊಳ್ಳುತ್ತವೆ.

ಇನ್ನು ಲೋಡ್ 14ರ ಮಾತು. ‘ಬಿ’ ಸೊನ್ನೆ ಇರುವುದರಿಂದ ಇದು ಡಿಸ್ಕಿನ ದೋಷವಲ್ಲ. ಟೆಸರಾಕ್ಟ್‌ನ 4ನೆಯ ಆವೃತ್ತಿಯಿಂದ ಈಚೆಗೆ, ಒಂದೊಂದು ಪುಟದ ಕೆಲಸವೂ ಓಪನ್‌ಎಂಪಿ (ಒಂದು ಕೆಲಸವನ್ನು ಹಲವು ಥ್ರೆಡ್‌ಗಳಿಗೆ ಹಂಚುವ ವ್ಯವಸ್ಥೆ) ಮೂಲಕ ನಾಲ್ಕು ಥ್ರೆಡ್‌ಗಳವರೆಗೆ ಹುಟ್ಟಿಸಿಕೊಳ್ಳುತ್ತದೆ. ತಾವು ಒಮ್ಮೆಗೆ ನಾಲ್ಕು ಪುಟ ಕೊಡುತ್ತಿದ್ದೀರಿ, ನಾಲ್ಕು ನಾಲ್ಕಲೆ ಹದಿನಾರು. ಇರುವ ನಾಲ್ಕು ಕೋರ್‌ಗಳ ಮೇಲೆ ಹದಿನಾರು ಥ್ರೆಡ್‌ಗಳು ಒಂದನ್ನೊಂದು ತಳ್ಳಾಡುತ್ತಿವೆ, ಒಂದರ ಫಲಿತಾಂಶಕ್ಕಾಗಿ ಇನ್ನೊಂದು ಸುತ್ತುತ್ತಾ ಕಾಯುವುದರಲ್ಲಿಯೇ ಸಾಕಷ್ಟು ದುಡಿಮೆ ವ್ಯರ್ಥವಾಗುತ್ತಿದೆ, ಆ ವ್ಯರ್ಥ ದುಡಿಮೆಯೂ ಬಿಸಿಯಾಗಿಯೇ ಹೊರಬರುತ್ತದೆ. ಸ್ಕ್ರಿಪ್ಟ್‌ನ ಮೊದಲಿಗೆ ‘ಓಎಂಪಿ ಥ್ರೆಡ್ ಲಿಮಿಟ್’ ಎಂಬ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಬರೆದು, ಅದಕ್ಕೆ 1 ಎಂಬ ಬೆಲೆ ಕೊಟ್ಟು ಎಕ್ಸ್‌ಪೋರ್ಟ್ ಮಾಡಿ. ಆಗ ಒಂದು ಪುಟಕ್ಕೆ ಒಂದೇ ಥ್ರೆಡ್ ಇರುತ್ತದೆ.

ದಯವಿಟ್ಟು ಎರಡನ್ನೂ ಒಟ್ಟಿಗೆ ಮಾಡಬೇಡಿ. ಮೊದಲು ಶುಚಿ ಮಾಡಿಸಿ ಅಳೆಯಿರಿ, ಆಮೇಲೆ ಮಿತಿ ಹಾಕಿ ಅಳೆಯಿರಿ. ಹಾಗೆ ಮಾಡಿದರೆ ಯಾವುದರಿಂದ ಎಷ್ಟು ಲಾಭವಾಯಿತೆಂದು ತಮಗೂ ತಿಳಿಯುತ್ತದೆ, ನಮಗೂ ತಿಳಿಯುತ್ತದೆ.

ಎಲ್‌ಎಸ್‌ಸಿಪಿಯು ಕೊಡುವ ‘ಫ್ಲ್ಯಾಗ್ಸ್’ ಪಟ್ಟಿಯಲ್ಲಿ ಎವಿಎಕ್ಸ್2 (ಹಲವು ಸಂಖ್ಯೆಗಳ ಲೆಕ್ಕವನ್ನು ಒಮ್ಮೆಗೇ ಮಾಡುವ ಸೌಲಭ್ಯ) ಇದೆಯೇ ಎಂದೂ ನೋಡಿಕೊಳ್ಳಿ, ತಮ್ಮ ಮಾದರಿಯಲ್ಲಿ ಇರಲೇಬೇಕು. ಟೆಸರಾಕ್ಟ್ ತನ್ನ ಗುಣಾಕಾರಗಳಿಗೆ ಅದನ್ನು ಬಳಸುತ್ತದೆ. ಟೆಸರಾಕ್ಟ್‌ನ ಆವೃತ್ತಿಯನ್ನು ಕೇಳಿದಾಗ ಬರುವ ಸಾಲುಗಳಲ್ಲಿ ಅದು ಸಿಕ್ಕಿದೆಯೆಂದು ತಂತ್ರಾಂಶವೇ ಹೇಳುತ್ತದೆ.

ತಾಲ್ಲೂಕು ಕಚೇರಿ

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ನಮ್ಮಲ್ಲಿ ವಿಂಡೋಸ್ ಇದೆ. ಮೊದಲೆಲ್ಲ ಡಬ್ಲ್ಯುಎಂಐಸಿ ಆದೇಶದಿಂದ ಕೋರ್‌ಗಳ ಸಂಖ್ಯೆ ನೋಡುತ್ತಿದ್ದೆ, ಹೊಸ ಯಂತ್ರದಲ್ಲಿ ಅಂಥ ಆದೇಶವೇ ಇಲ್ಲ ಎನ್ನುತ್ತದೆ.

ಸರ್ವರ್‌ಕೊಠಡಿ

ಅದನ್ನು ಮೈಕ್ರೋಸಾಫ್ಟ್ ಕೈಬಿಡುತ್ತಿದೆ, ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ತಾನಾಗಿಯೇ ಬರುವುದಿಲ್ಲ. ಪವರ್‌ಶೆಲ್ ತೆರೆದು, ಗೆಟ್-ಸಿಮ್‌ಇನ್‌ಸ್ಟೆನ್ಸ್ ಆದೇಶಕ್ಕೆ ವಿನ್32_ಪ್ರೊಸೆಸರ್ ಎಂಬ ಹೆಸರು ಕೊಡಿ. ಕೋರ್‌ಗಳ ಸಂಖ್ಯೆ, ತಾರ್ಕಿಕ ಪ್ರೊಸೆಸರ್‌ಗಳ ಸಂಖ್ಯೆ, ಗರಿಷ್ಠ ವೇಗ, ಆ ಹೊತ್ತಿನ ನಿರತತೆ ಎಲ್ಲವನ್ನೂ ಅದರಿಂದ ಪಡೆಯಬಹುದು.

ಹಳೆಹೊತ್ತಿಗೆ

ಫಲಿತಾಂಶ ತಿಳಿಸಲು ಒಂದು ವಾರ ತಡವಾಯಿತು, ಕ್ಷಮಿಸಬೇಕು. ಪೇಟೆಯ ರಿಪೇರಿಯವರ ಬಳಿ ಕುಳಿತು ನನ್ನ ಎದುರಿಗೇ ಬಿಚ್ಚಿಸಿದೆ. ಫ್ಯಾನಿಗೂ ಹೀಟ್‌ಸಿಂಕಿನ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ದೂಳು, ಹಳೆಯ ಕಂಬಳಿಯ ತುಂಡಿನ ಹಾಗೆ ಒತ್ತಾಗಿ ಕೂತಿತ್ತು. ಚಿಮಟಿಗೆಯಿಂದ ಎಳೆದಾಗ ಹರಿಯದೆ ಒಂದೇ ಪಟ್ಟಿಯಾಗಿ ಎದ್ದುಬಂತು. ಗ್ರಂಥಾಲಯದ ಪಕ್ಕದ ಅಂಗಳದಲ್ಲಿ ಅಡಿಕೆ ಒಣಗಿಸುತ್ತಾರೆ, ಒಳಗೆ ಹಳೆಯ ಪುಸ್ತಕಗಳ ಪುಡಿಯೂ ಸದಾ ಇರುತ್ತದೆ, ಎರಡೂ ಸೇರಿ ಹಾಗಾಗಿರಬೇಕು. ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು.

ಶುಚಿ ಮಾಡಿಸಿದ ಮೇಲೆ ಅದೇ 240 ಪುಟಗಳನ್ನು ಓಡಿಸಿದಾಗ ನಲವತ್ತು ನಿಮಿಷದ ಬದಲು 16 ನಿಮಿಷ ಹಿಡಿಯಿತು. ಶಾಖ 78 ಡಿಗ್ರಿಯಲ್ಲಿ, ವೇಗ 2,300ರ ಹತ್ತಿರ ನಿಂತವು. ಆಮೇಲೆ ಥ್ರೆಡ್ ಮಿತಿಯನ್ನು 1 ಎಂದು ಹಾಕಿ ಮತ್ತೆ ಓಡಿಸಿದೆ: 11 ನಿಮಿಷ. ಲೋಡ್ ಆವರೇಜ್ 4ಕ್ಕೆ ಇಳಿಯಿತು. ಒಮ್ಮೆಗೆ ನಾಲ್ಕರ ಬದಲು ಎಂಟು ಪುಟ ಕೊಟ್ಟು ನೋಡಿದಾಗ 10 ನಿಮಿಷ ಆಯಿತು, ಸರ್ವರ್‌ಕೊಠಡಿ ಅವರು ಹೇಳಿದ ಎರಡು ಒಲೆಗಳ ಮಾತು ಆಗ ಚೆನ್ನಾಗಿ ಮನದಟ್ಟಾಯಿತು. ಥ್ರಾಟಲ್ ಕೌಂಟ್ ಮೂರು ಪ್ರಯೋಗಗಳ ನಂತರವೂ ಸೊನ್ನೆ.

ಕೊನೆಯದಾಗಿ ಒಂದು ಕೇಳಿಕೆ. ಗ್ರಂಥಾಲಯಕ್ಕೆ ಇನ್ನೊಂದು ಬಳಸಿದ ಲ್ಯಾಪ್‌ಟಾಪ್ ಕೊಳ್ಳುವವರಿದ್ದೇವೆ. ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ಈ ಪರೀಕ್ಷೆ ಮಾಡಲು ಸಾಧ್ಯವೇ?

ಕರ್ನಲ್ ಓದುಗಿ

ಅಂಕಿಗಳನ್ನು ಇಷ್ಟು ಶಿಸ್ತಾಗಿ ಬರೆದುಕೊಟ್ಟದ್ದಕ್ಕೆ ವಂದನೆಗಳು. ಅಂಗಡಿಯಲ್ಲಿ ಖಂಡಿತ ಮಾಡಬಹುದು, ಹತ್ತು ನಿಮಿಷ ಸಾಕು. ಪೆನ್‌ಡ್ರೈವ್‌ನಲ್ಲಿ ಉಬುಂಟು ಹಾಕಿಕೊಂಡು ಹೋಗಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ. ಎಲ್‌ಎಸ್‌ಸಿಪಿಯು ಕೊಟ್ಟು ಮಾದರಿ, ಕೋರ್, ಥ್ರೆಡ್‌ಗಳನ್ನು ಮಾರುವವರ ಮಾತಿನೊಡನೆ ಹೋಲಿಸಿ. ಇಂಟೆಲ್‌ನ 12ನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸದಾದ ಪ್ರೊಸೆಸರ್ ಆಗಿದ್ದರೆ ಗುಣಿಸುವ ಲೆಕ್ಕ ಹೊಂದದಿರಬಹುದು, ಏಕೆಂದರೆ ಅವುಗಳಲ್ಲಿ ಹಲವದರಲ್ಲಿ ಎರಡು ಬಗೆಯ ಕೋರ್‌ಗಳಿರುತ್ತವೆ. ಐ5-1240ಪಿ ಎಂಬುದರಲ್ಲಿ 12 ಕೋರ್‌ಗಳಿಗೆ 16 ಥ್ರೆಡ್‌ಗಳಿವೆ, ನಾಲ್ಕು ದೊಡ್ಡ ಕೋರ್‌ಗಳಿಗೆ ತಲಾ ಎರಡು, ಎಂಟು ಸಣ್ಣವಕ್ಕೆ ತಲಾ ಒಂದು. ಎಲ್‌ಎಸ್‌ಸಿಪಿಯು ಮುಂದೆ ಅಡ್ಡಗೆರೆ ಹಾಕಿ ‘ಇ’ ಅಕ್ಷರ ಸೇರಿಸಿದರೆ ಒಂದೊಂದರ ಕೋರ್ ಸಂಖ್ಯೆಯೂ ಗರಿಷ್ಠ ವೇಗವೂ ಕೋಷ್ಟಕವಾಗಿ ಬರುತ್ತವೆ.

ಆಮೇಲೆ ‘ಯೆಸ್’ ಎಂಬ, ನಿಲ್ಲಿಸುವವರೆಗೆ ದುಡಿಯುತ್ತಲೇ ಇರುವ ಆದೇಶದ ಹೊರಹರಿವನ್ನು ಡೆವ್‌ನಲ್ (ಬಂದದ್ದನ್ನೆಲ್ಲ ಎಸೆದುಬಿಡುವ) ಕಡತಕ್ಕೆ ತಿರುಗಿಸಿ, ತಾರ್ಕಿಕ ಪ್ರೊಸೆಸರ್‌ಗಳನ್ನು ಎಣಿಸುವ ಎನ್‌ಪ್ರಾಕ್ ಆದೇಶ ಎಷ್ಟು ಹೇಳುತ್ತದೆಯೋ ಅಷ್ಟು ಸಲ ಹಿನ್ನೆಲೆಯಲ್ಲಿ ಓಡಿಸಿ, ಐದು ನಿಮಿಷ ಬಿಡಿ. ಅಲ್ಲಿ ಸೆನ್ಸರ್ಸ್ ಇರುವುದಿಲ್ಲವಾದ್ದರಿಂದ, ಸಿಸ್‌ನ ಕ್ಲಾಸ್ ಕೋಶದ ಥರ್ಮಲ್ ವಿಭಾಗದಲ್ಲಿ ‘ಟೈಪ್’ ಕಡತ ‘ಎಕ್ಸ್86 ಪಿಕೆಜಿ ಟೆಂಪ್’ ಎನ್ನುವ ವಲಯವನ್ನು ಹುಡುಕಿ, ಅದರ ‘ಟೆಂಪ್’ ಕಡತವನ್ನು ಓದಿ. 78000 ಎಂದಿದ್ದರೆ 78 ಡಿಗ್ರಿ ಎಂದು ತಿಳಿಯಿರಿ. ಜೊತೆಗೆ ಮೆಗಾಹರ್ಟ್ಸ್ ಸಾಲುಗಳನ್ನೂ ಥ್ರಾಟಲ್ ಕೌಂಟ್ ಕಡತವನ್ನೂ ನೋಡಿ. ಎಎಂಡಿ ಯಂತ್ರದಲ್ಲಿ ಆ ವಲಯವೂ ಕೌಂಟ್ ಕಡತವೂ ಇರುವುದಿಲ್ಲ. ಅಲ್ಲಿ ಎಚ್‌ಡಬ್ಲ್ಯುಮಾನ್ ಎಂಬ ಕೋಶದಲ್ಲಿ ಕೆ10ಟೆಂಪ್ ಹೆಸರಿನ ಅಳತೆಯಿಂದ ಶಾಖವನ್ನೂ, ಎಂದಿನಂತೆ ಮೆಗಾಹರ್ಟ್ಸ್ ಸಾಲುಗಳಿಂದ ವೇಗವನ್ನೂ ನೋಡಿಯೇ ನಿರ್ಧರಿಸಬೇಕು.

ಐದು ನಿಮಿಷದ ಕೊನೆಗೆ ವೇಗ ಮೂಲ ವೇಗಕ್ಕಿಂತ ಕೆಳಗಿದ್ದು, ಕೌಂಟ್ ಏರುತ್ತಿದ್ದರೆ, ಶುಚಿ ಮಾಡಿಸಿ ಮತ್ತೆ ತೋರಿಸುವಂತೆ ಅಂಗಡಿಯವರನ್ನೇ ಕೇಳಿ. ಮುಗಿದ ಮೇಲೆ ಕಿಲ್‌ಆಲ್ ಯೆಸ್ ಎಂದು ಕೊಟ್ಟರೆ ಆ ಕೆಲಸಗಳೆಲ್ಲ ನಿಲ್ಲುತ್ತವೆ.